ಎರಡೂವರೆ ಗಂಟೆ

ಅಳಿಯನ ಸ್ವೆಟರ್ ಹಾಕಿಕೊಂಡು ಆಫ್ರಿಕಾದಲ್ಲಿ ಚಳಿಗೆ ನಡುಗುವ ಕಾಲ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ಕೃಷ್ಣಪ್ರಸಾದರು ನಂಬುತ್ತಿರಲಿಲ್ಲ. ಭೂಮಧ್ಯರೇಖೆಗೆ ಅಂಟಿಕೊಂಡ ಊರು, ಬಿಸಿಲಿಗೆ ತಲೆ ಒಡೆದುಹೋಗುತ್ತದೆ ಎಂದು ಮೈಸೂರಿನಿಂದ ಐದು ತೆಳು ಅಂಗಿ ಮಡಿಸಿಕೊಂಡು ಬಂದವರು ಅವರು. ನೈರೋಬಿ ಐದೂವರೆ ಸಾವಿರ ಅಡಿ ಎತ್ತರದಲ್ಲಿದೆ ಎನ್ನುವುದು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ, ಭೂಗೋಳ ಎರಡೂ ಹೇಳಿದ ಮೇಷ್ಟ್ರಿಗೆ ನೆನಪಾಗಲಿಲ್ಲ. ಜುಲೈ ತಿಂಗಳು, ಹರ್ಲಿಂಗ್‌ಹ್ಯಾಮ್‌ನ ಆ ಮೂರನೇ ಮಹಡಿಯ ಮನೆಯ ಕಿಟಕಿಯ ಸರಳುಗಳಾಚೆ ಬೆಳಗಿನ ಒಂಬತ್ತಾದರೂ ಮೋಡ ಸರಿದು ಬಿಸಿಲು ಬಂದಿರಲಿಲ್ಲ. ಸ್ವೆಟರಿನ ತೋಳು ಉದ್ದವಾಗಿ ಬೆರಳುಗಳನ್ನು ಮುಚ್ಚುತ್ತಿತ್ತು, ಇನ್ನೊಬ್ಬರ ಮೈವಾಸನೆ ಮೂಗಿಗೆ ಬಡಿಯುತ್ತಿತ್ತು. ‘ಮಾವ, ಬೇಗ ರೆಡಿ ಆಗಿ. ಇವತ್ತು ಜಿರಾಫೆ ನೋಡ್ಕೊಂಡು ಬಂದ್ಬಿಡೋಣ. ಶನಿವಾರ ಟ್ರಾಫಿಕ್ ಕಮ್ಮಿ’ ಎಂದ ಸುದರ್ಶನ್ ಕಾಫಿ ಲೋಟ ಕೊಡುತ್ತಾ. ಮಲಗುವ ಕೋಣೆಯ ಬಾಗಿಲು ಮುಚ್ಚಿತ್ತು. ಅದರ ಹಿಂದೆ ಮಗಳು ತಾರಾ ಎದ್ದಿದ್ದಾಳೋ ಇಲ್ಲವೋ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಹೋದ ಭಾನುವಾರ ಮ್ಯೂಸಿಯಂ, ಮಧ್ಯೆ ಒಂದು ಸಂಜೆ ದೇವಸ್ಥಾನ, ಇವತ್ತು ಜಿರಾಫೆ. ಮಗುವಿನ ನಾಮಕರಣಕ್ಕೆಂದು ತಿಂಗಳ ಮೊದಲೇ ತೆಗೆದ ಟಿಕೆಟ್ಟು, ದಿನ ಬದಲಾಯಿಸುವಂತಿರಲಿಲ್ಲ. ಮಗು ಹೋಗಿ ಹನ್ನೆರಡನೆಯ ದಿನಕ್ಕೆ ತಾತ ಬಂದಿಳಿದಿದ್ದರು. ಬಂದವರನ್ನು ಏನು ಮಾಡುವುದು ಪಾಪ? ಊರು ತೋರಿಸುವುದು.

ಹೇಳಬೇಕು, ಇವತ್ತು ಹೇಳಲೇಬೇಕು ಎಂದುಕೊಂಡೇ ಅವರು ಕಾಫಿ ಕುಡಿದರು. ಬಂದಾಗಿನಿಂದ ಎಂಟು ದಿನವೂ ಬೆಳಗ್ಗೆ ಎದ್ದ ಕೂಡಲೇ ಹೀಗೆ ಅಂದುಕೊಂಡಿದ್ದರು. ತಾರಾಳಿಗೆ ಹೇಳಬೇಕಾದ್ದು ಒಂದೇ ಒಂದು ಮಾತು: ನಿನ್ನ ಹೆರಿಗೆಯ ಆಪರೇಷನ್ ಎರಡು ದಿನ ಮುಂದೆ ಹಾಕಿಸಿದ್ದು ನಾನು. ಅವಳಿಗೆ ಇದು ಗೊತ್ತಿಲ್ಲ. ಗುರುವಾರ ಆಸ್ಪತ್ರೆಯಲ್ಲಿ ಥಿಯೇಟರ್ ಖಾಲಿ ಇರಲಿಲ್ಲ ಎಂದು ಸುದರ್ಶನ್ ಅವಳನ್ನು ನಂಬಿಸಿದ್ದ. ಆ ಮಂಗಳವಾರ ಸಂಜೆ ಮೈಸೂರಿಗೆ ಫೋನ್ ಬಂದಾಗ ಅವರು ಹುರಳಿಕಾಯಿ ಬಿಡಿಸುತ್ತಾ ಕೂತಿದ್ದರು. ‘ಮಾವ, ಮಗು ಸುತ್ತ ನೀರು ಸ್ವಲ್ಪ ಕಮ್ಮಿ ಆಗಿದೆಯಂತೆ, ಗುರುವಾರ ಬೆಳಗ್ಗೆ ಎಂಟಕ್ಕೆ ತೆಗೆದುಬಿಡೋಣ ಅಂತಿದ್ದಾರೆ ಡಾಕ್ಟರ್. ಅರ್ಜೆಂಟ್ ಏನಿಲ್ಲ, ಆದ್ರೆ ಬೇಗ ಆದ್ರೆ ಒಳ್ಳೇದು ಅಂದ್ರು. ನಮ್ಮಮ್ಮ ನಕ್ಷತ್ರ ನೋಡಿಸು ಅಂತ ಒಂದೇ ಸಮ. ನೀವೇ ನೋಡಿ ಹೇಳಿ ಮಾವ, ನೀವು ಹೇಳಿದ್ ಹಾಗೆ.’ ನೀವು ಹೇಳಿದ ಹಾಗೆ! ಮದುವೆಯಾಗಿ ನಾಲ್ಕು ವರ್ಷದಲ್ಲಿ ಅಳಿಯಂದಿರು ಅವರನ್ನು ಒಂದು ಮಾತು ಕೇಳಿದ್ದು ಅದೇ ಮೊದಲು. ಮನೆ ಬದಲಾಯಿಸಿದಾಗ ಕೇಳಲಿಲ್ಲ, ನೈರೋಬಿಯ ಔಷಧಿ ಕಂಪನಿಗೆ ಸೇರಿದಾಗ ಕೇಳಲಿಲ್ಲ. ಕೃಷ್ಣಪ್ರಸಾದರು ಕೈ ಒರೆಸಿಕೊಂಡು ಪಂಚಾಂಗ ತೆಗೆದರು, ಕನ್ನಡಕ ಏರಿಸಿದರು, ಬೇಕೆಂದೇ ಸ್ವಲ್ಪ ಹೊತ್ತು ಸುಮ್ಮನಿದ್ದರು. ಬೀದಿಯವರು ಗೃಹಪ್ರವೇಶಕ್ಕೆ, ಉಪನಯನಕ್ಕೆ ಬಂದು ಕೇಳಿದಾಗಲೂ ಹಾಗೇ ಮಾಡುತ್ತಿದ್ದರು, ಬೆಲೆ ಬರಲಿ ಅಂತ. ಹಾಗೆಂದು ಅವರಿಗೆ ಅದರಲ್ಲಿ ಮಹಾ ನಂಬಿಕೆಯೇನೂ ಇರಲಿಲ್ಲ. ನಂಬಿ ಹೇಳಿದ್ದರೆ ಇವತ್ತು ದೇವರ ಮೇಲಾದರೂ ಹಾಕಿ ಕೂರಬಹುದಿತ್ತು. ‘ಗುರುವಾರ ಒಂಬತ್ತು ಐವತ್ತರವರೆಗೂ ಮೂಲಾ ಇದೆಯಲ್ಲ ಸುದರ್ಶನ್. ಮಗುವಿನ ಅಪ್ಪನಿಗೆ ಒಳ್ಳೇದಲ್ಲ ಅಂತಾರೆ. ಹತ್ತರ ಮೇಲೆ ಆಗಲ್ವಾ?’ ‘ಡಾಕ್ಟರ್‌ಗೆ ಥಿಯೇಟರ್ ಸಿಗೋದೇ ಬೆಳಗ್ಗೆ ಎಂಟಕ್ಕೆ ಮಾವ. ಅದು ಬಿಟ್ರೆ ಶನಿವಾರ.’ ‘ಶನಿವಾರ ಉತ್ತರಾಷಾಢ, ಮಧ್ಯಾಹ್ನದವರೆಗೂ ಇದೆ, ದಿವ್ಯವಾಗಿದೆ. ಎರಡು ದಿನ ತಾನೇ’ ಎಂದರು. ಫೋನ್ ಇಟ್ಟು ಹುರಳಿಕಾಯಿಗೆ ಹಿಂತಿರುಗಿದಾಗ ಗೋಡೆಯ ಮೇಲಿನ ಭಾನುಮತಿಯ ಫೋಟೋ ನೋಡಿ, ನೋಡಿದೆಯಾ, ಅಳಿಯಂದಿರು ನನ್ನನ್ನು ಕೇಳಿದರು ಎಂದು ಹೆಂಡತಿಗೆ ಹೇಳಿದ್ದೂ ನೆನಪಿದೆ. ಶುಕ್ರವಾರ ರಾತ್ರಿಗೆ ಹೊಟ್ಟೆಯೊಳಗೆ ಅಲುಗಾಟ ನಿಂತಿತ್ತು. ಶನಿವಾರ ಬೆಳಗ್ಗೆ ಎಂಟಕ್ಕೆ, ದಿವ್ಯವಾದ ಉತ್ತರಾಷಾಢದಲ್ಲಿ, ಮಗುವನ್ನು ತೆಗೆದರು. ಹೆಣ್ಣು.

ಇಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತೋ ಏನೋ. ವಿಮಾನ ಇಳಿಯುವ ಮುಂಚೆ, ಗಡಿಯಾರ ಎರಡೂವರೆ ಗಂಟೆ ಹಿಂದಕ್ಕೆ ಇಟ್ಟುಕೊಳ್ಳಿ ಎಂದು ಯಾರೋ ಹೆಣ್ಣುಮಗಳು ಮೈಕಿನಲ್ಲಿ ಹೇಳಿದಳು. ಅವರು ಕೈಗಡಿಯಾರ ಬಿಚ್ಚಿ ಕೀಲಿ ಎಳೆದು ತಿರುಗಿಸತೊಡಗಿದರು. ಒಂಬತ್ತು ಐವತ್ತು ಏಳು ಇಪ್ಪತ್ತಾಗುತ್ತದೆ ಎಂದು ಮೇಷ್ಟ್ರ ತಲೆ ತಾನಾಗಿಯೇ ಲೆಕ್ಕ ಹಾಕಿತು. ಬೆರಳು ಅಲ್ಲೇ ನಿಂತಿತು. ಪಂಚಾಂಗದ ಒಂಬತ್ತು ಐವತ್ತು ಮೈಸೂರಿನ ಗಂಟೆ. ಇಲ್ಲಿಯವರ ಎಂಟು ಗಂಟೆಗೆ ಅಲ್ಲಿ ಹತ್ತೂವರೆ. ಗುರುವಾರ ಡಾಕ್ಟರು ಕತ್ತರಿ ಹಿಡಿಯುವ ಹೊತ್ತಿಗೆ ಮೂಲಾ ಕಳೆದು ನಲವತ್ತು ನಿಮಿಷವಾಗಿರುತ್ತಿತ್ತು. ಅವರ ಶಾಸ್ತ್ರದ ಪ್ರಕಾರವೇ ಆ ಹೊತ್ತಿಗೆ ಯಾವ ದೋಷವೂ ಇರಲಿಲ್ಲ! ಗ್ರೀನಿಚ್‌ನಲ್ಲಿ ಇಷ್ಟು ಗಂಟೆಯಾದರೆ ಟೋಕಿಯೋದಲ್ಲಿ ಎಷ್ಟು ಎಂದು ವರ್ಷ ವರ್ಷ ಪ್ರಶ್ನೆಪತ್ರಿಕೆಯಲ್ಲಿ ಕೇಳಿ, ತಪ್ಪು ಬರೆದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದ ಮನುಷ್ಯ. ಸೀಟಿನ ಬೆಲ್ಟು ಕಟ್ಟಿಕೊಂಡು ಅವರು ಅಲ್ಲೇ ಕೂತಿದ್ದರು, ಎಲ್ಲರೂ ಇಳಿದ ಮೇಲೂ. ವಿಮಾನದವರು ಬಂದು ಎಬ್ಬಿಸಬೇಕಾಯಿತು.

ಕಾರು ಲಂಗಾಟಾ ರಸ್ತೆಗೆ ಬಿತ್ತು. ಸುದರ್ಶನ್ ಒಳ್ಳೆಯ ಹುಡುಗ, ಬಂದವರಿಗೆ ಬೇಸರವಾಗಬಾರದೆಂದು ಎಡಗಡೆ ಬಲಗಡೆ ತೋರಿಸುತ್ತಾ ಹೋಗುತ್ತಿದ್ದ. ಇದು ಸಣ್ಣ ವಿಮಾನಗಳ ನಿಲ್ದಾಣ ಮಾವ, ಮಸಾಯಿ ಮಾರಾ ಕಾಡಿಗೆ ಇಲ್ಲಿಂದಲೇ ಹೋಗೋದು. ಆ ಕಡೆ ಇಡೀ ನ್ಯಾಷನಲ್ ಪಾರ್ಕು, ಊರೊಳಗೇ ಸಿಂಹ ಇರೋದು ಪ್ರಪಂಚದಲ್ಲಿ ಇಲ್ಲೇ ಅಂತಾರೆ. ಕೃಷ್ಣಪ್ರಸಾದರು ಹೌದೇ, ಓಹೋ ಎನ್ನುತ್ತಾ ತಲೆ ಆಡಿಸುತ್ತಿದ್ದರು. ರಸ್ತೆಯ ಪಕ್ಕ ಗೋಣಿಚೀಲದ ಮೇಲೆ ಜೋಳದ ತೆನೆ ಸುಡುವ ಹೆಂಗಸರು, ಗಿಡದ ನರ್ಸರಿಗಳು, ಬರಿಮೈಯಲ್ಲಿ ನಿಂತ ಹೊಸ ಮಂಚಗಳು. ಮಂಚ ಮಾರುವವನ ಪಕ್ಕದಲ್ಲೇ ಶವಪೆಟ್ಟಿಗೆಗಳನ್ನು ಸಾಲಾಗಿ ಇಟ್ಟು ಮಾರುತ್ತಿದ್ದರು, ಒಂದು ತುಂಬ ಚಿಕ್ಕದಿತ್ತು. ಸುದರ್ಶನ್ ಅದೇ ಗೈಡಿನ ದನಿಯಲ್ಲಿ, ಸ್ಟಿಯರಿಂಗ್‌ನಿಂದ ಸ್ಮಶಾನದ ಗೇಟಿನ ಕಡೆ ಒಂದು ಬೆರಳೆತ್ತಿ, ‘ಅಲ್ಲಿ ಮಾವ. ಆ ಗೇಟಿನ ಒಳಗೆ. ಮಗೂನ ತಗೊಂಡು ನಾವು ಮೂರು ಜನ ಹೋಗಿದ್ವಿ’ ಎಂದ. ಕೃಷ್ಣಪ್ರಸಾದರ ಬಾಯಿಂದ ಅಭ್ಯಾಸಬಲದಿಂದ ‘ಓಹೋ’ ಎಂದು ಬಂದೇಬಿಟ್ಟಿತು. ಅಯ್ಯೋ, ನಾಲಿಗೆ ಕಚ್ಚಿಕೊಂಡರೂ ಆಡಿದ ಮಾತು ಒಳಗೆ ಹೋಗುತ್ತದೆಯೇ? ಮುಂದಿನ ಎರಡು ಮೈಲಿ ಸುದರ್ಶನ್ ಏನನ್ನೂ ತೋರಿಸಲಿಲ್ಲ.

ಜಿರಾಫೆಗಳಿರುವ ಕಡೆ ಮರದ ಅಟ್ಟ ಕಟ್ಟಿದ್ದರು, ಮೇಲೆ ಹತ್ತಿ ನಿಂತರೆ ಅವುಗಳ ಮುಖ ನಮ್ಮ ಮುಖದ ಎತ್ತರಕ್ಕೆ ಬರುತ್ತದೆ. ಬಿಳಿಯ ಪ್ರವಾಸಿಗರು, ಸಮವಸ್ತ್ರ ಹಾಕಿದ ಒಂದು ಶಾಲೆಯ ಮಕ್ಕಳು, ಎಲ್ಲರ ಕೈಯಲ್ಲೂ ತಿನ್ನಿಸುವ ಉಂಡೆಗಳು. ಪ್ರಾಣಿಗಳನ್ನು ನೋಡಿಕೊಳ್ಳುವ ಹಸಿರು ಕೋಟಿನವನು ಅವರ ಅಂಗೈಗೂ ಒಂದು ಹಿಡಿ ಸುರಿದ. ಅವರು ಪ್ರಸಾದದ ಹಾಗೆ ಎರಡು ಕೈ ಜೋಡಿಸಿ ಹಿಡಿದರು. ‘ಹಾಗಲ್ಲ ಪಾಪಾ, ಒಂದೊಂದು, ಒಂದೊಂದು’ ಎಂದು ಅವನು ಇಂಗ್ಲಿಷಿನಲ್ಲಿ ಹೇಳಿ ಬೆರಳು ಬಿಡಿಸಿ ಕಲಿಸಿದ. ಶಾಲೆಯ ಮಕ್ಕಳು ಕಿಸಕ್ಕೆಂದವು. ಕಪ್ಪು ನಾಲಿಗೆ, ಒಂದೂವರೆ ಅಡಿ ಉದ್ದದ್ದು, ಅವರ ಮಣಿಕಟ್ಟಿನವರೆಗೂ ಬಂದು ಒರಟಾಗಿ ನೆಕ್ಕಿ ಉಂಡೆ ಎತ್ತಿಕೊಂಡು ಹೋಯಿತು. ಅಳಿಯನ ಸ್ವೆಟರಿನ ತೋಳೆಲ್ಲ ಜೊಲ್ಲು. ‘ಮಾವ, ಈ ಕಡೆ ನೋಡಿ. ಸ್ವಲ್ಪ ನಗಿ. ಉಷತ್ತೆಗೆ ಕಳಿಸಬೇಕು’ ಎಂದ ಸುದರ್ಶನ್, ಕ್ಯಾಮೆರಾ ಎತ್ತಿ. ಉಷಾ ಕೃಷ್ಣಪ್ರಸಾದರ ತಂಗಿ. ಮಗು ಹೋದ ಸುದ್ದಿ ಬಂದ ಮೇಲೂ, ಮೈಯಂತೂ ಬಾಣಂತಿಯದೇ ಅಲ್ವೇನೋ ಅಣ್ಣ, ತಗೊಂಡು ಹೋಗು ಎಂದು ಬಾಣಂತಿ ಖಾರ, ಅಂಟಿನುಂಡೆ ಎಲ್ಲ ಕಟ್ಟಿಕೊಟ್ಟಿದ್ದಳು. ಎಂಟು ದಿನವಾದರೂ ಅವರು ಪೆಟ್ಟಿಗೆಯಿಂದ ಅದನ್ನು ಹೊರಗೆ ತೆಗೆದಿಲ್ಲ. ಎದೆ ಹಾಲು ಬತ್ತಿಸಲು ಡಾಕ್ಟರು ಮಾತ್ರೆ ಕೊಟ್ಟಿದ್ದಾರಂತೆ, ಮನೆಗೆಲಸದ ಫಿಲೋಮಿನಾ ಗುಟ್ಟಾಗಿ ಹೇಳಿದ್ದಳು. ಅಂಥದ್ದರಲ್ಲಿ ಗಂಡಸು, ಅಪ್ಪ, ಆ ಪೊಟ್ಟಣ ಹಿಡಿದು ಮಗಳ ಎದುರು ಹೇಗೆ ನಿಲ್ಲುವುದು? ಅವರು ನಕ್ಕರು. ಕ್ಯಾಮೆರಾ ಕ್ಲಿಕ್ಕೆಂದಿತು. ಹಸಿರು ಕೋಟಿನವನು ಮಕ್ಕಳಿಗೆ ವಿವರಿಸುತ್ತಿದ್ದ: ತಾಯಿ ಹದಿನೈದು ತಿಂಗಳು ಹೊರುತ್ತಾಳೆ, ನಿಂತುಕೊಂಡೇ ಹೆರುತ್ತಾಳೆ, ಮರಿ ಆರಡಿ ಎತ್ತರದಿಂದ ದೊಪ್ಪನೆ ನೆಲಕ್ಕೆ ಬೀಳುತ್ತದೆ, ಬಿದ್ದದ್ದೇ ಒಂದು ಗಂಟೆಯೊಳಗೆ ಎದ್ದು ನಿಲ್ಲುತ್ತದೆ. ಮಕ್ಕಳು ಓ ಎಂದು ಕೂಗಿದವು. ತಿರುಗಿ ನೋಡಿದರೆ ಸುದರ್ಶನ್ ಮೆಟ್ಟಿಲಿಳಿದು ದೂರದ ಬೇಲಿಯ ಹತ್ತಿರ ಬೆನ್ನು ಮಾಡಿ ನಿಂತಿದ್ದ. ಕೃಷ್ಣಪ್ರಸಾದರು ಉಳಿದ ಉಂಡೆಗಳನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು.

ಹಿಂತಿರುಗುವಾಗ ನ್ಗೊಂಗ್ ರಸ್ತೆಯಲ್ಲಿ ವಾಹನಗಳು ಕಚ್ಚಿಕೊಂಡು ನಿಂತವು. ಶನಿವಾರ ಟ್ರಾಫಿಕ್ ಕಮ್ಮಿ ಎಂದದ್ದು ಸುಳ್ಳಾಯಿತು. ಪಕ್ಕದ ಕಾರುಗಳ ನಡುವೆ ಬಾಳೆಹಣ್ಣು, ಭೂಪಟ, ನಾಯಿಮರಿ ಹಿಡಿದು ಮಾರುವವರು ಓಡಾಡುತ್ತಿದ್ದರು. ಒಬ್ಬ ಕಿಟಕಿಗೆ ಆಫ್ರಿಕಾದ ಭೂಪಟ ಒತ್ತಿ ಹಿಡಿದ. ಸುದರ್ಶನ್ ಮುಂದೆ ನೋಡುತ್ತಲೇ, ‘ಮಾವ, ಒಂದು ಹೇಳ್ತೀನಿ, ನೀವು ಮನಸ್ಸಿಗೆ ಹಚ್ಕೋಬೇಡಿ. ಕೇಳಿದ್ದು ನಾನು. ನೀವು ಇದ್ದಿದ್ದನ್ನ ಹೇಳಿದ್ರಿ ಅಷ್ಟೇ’ ಎಂದ. ಸ್ಟಿಯರಿಂಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ‘ಒಂದೊಂದ್ಸಲ ಅನ್ಸುತ್ತೆ, ಗುರುವಾರನೇ ಮಾಡಿಸಿದ್ರೆ, ಮೂಲಾದಲ್ಲಿ ಹುಟ್ಟಿ, ಆಮೇಲೆ ನಂಗೇ ಏನಾದ್ರೂ ಆಗಿ, ತಾರಾ ಒಬ್ಳೇ ಮಗು ಇಟ್ಕೊಂಡು ಈ ಊರಲ್ಲಿ... ಅದಕ್ಕಿಂತ ಇದೇ ಅಂತ. ನಂಗೆ ಇದೆಲ್ಲ ನಂಬಿಕೆ ಇರ್ಲಿಲ್ಲ ಮಾವ. ಈಗ ಅದೊಂದೇ ಹಿಡ್ಕೊಂಡಿದೀನಿ. ತಾರಾಗೆ ಮಾತ್ರ ಹೇಳ್ಬೇಡಿ, ಪ್ಲೀಸ್.’ ಈಗ ಹೇಳಬಹುದಿತ್ತು. ಮೂಲಾ ಕಳೆದುಹೋಗಿತ್ತಪ್ಪಾ, ಲೆಕ್ಕ ತಪ್ಪಿದ್ದು ನಾನು ಎಂದು ಇಲ್ಲೇ, ಈ ಕಾರಿನಲ್ಲೇ ಹೇಳಿ, ಅವನು ಬಾಗಿಲು ತೆಗೆದು ಇಳಿ ಎಂದರೆ ಇಳಿದು ಹೋಗಬಹುದಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು. ಹಿಡಿದುಕೊಂಡಿದ್ದ ಒಂದೇ ಒಂದನ್ನೂ ಆ ಹುಡುಗನ ಕೈಯಿಂದ ಕಿತ್ತ ಹಾಗಾಗುತ್ತದೆ ಎಂದು ತಮಗೆ ತಾವೇ ಹೇಳಿಕೊಂಡರು. ಇದು ಕರುಣೆಯಲ್ಲ, ಹೇಡಿತನ ಎಂದು ಅದೇ ಕ್ಷಣ ಗೊತ್ತಾಯಿತು. ಗೊತ್ತಾಗಿ ಏನು ಬಂತು? ‘ಇಲ್ಲ ಸುದರ್ಶನ್, ನೀವು ಹೇಳಿದ ಹಾಗೆ’ ಎಂದರು. ಭೂಪಟದವನು ಮುಂದಿನ ಕಾರಿಗೆ ಹೋದ.

ಹರ್ಲಿಂಗ್‌ಹ್ಯಾಮ್ ಹತ್ತಿರದ ಸೂಪರ್ ಮಾರ್ಕೆಟ್ಟಿನಲ್ಲಿ ಹಾಲು ಬ್ರೆಡ್ಡು ತೆಗೆದುಕೊಳ್ಳಲು ನಿಲ್ಲಿಸಿದರು. ಬಾಗಿಲಲ್ಲಿ ಕಾವಲಿನವನು ಎಲ್ಲರ ಚೀಲ ತಡಕುತ್ತಿದ್ದ. ಇವರ ಬಟ್ಟೆಯ ಚೀಲದಿಂದ ಪಂಚಾಂಗ ತೆಗೆದು ತಿರುವಿ, ‘ಮ್ಜೀ, ಇದು ನಿಮ್ಮ ಬೈಬಲ್ಲಾ?’ ಎಂದು ಗೌರವದಿಂದಲೇ ಕೇಳಿ, ಎರಡು ಕೈಯಿಂದ ವಾಪಸು ಕೊಟ್ಟ. ಇಲ್ಲಿ ವಯಸ್ಸಾದವರನ್ನೆಲ್ಲ ಮ್ಜೀ ಎನ್ನುತ್ತಾರೆ. ಆ ಪುಸ್ತಕವನ್ನು ಯಾಕೆ ಹೊತ್ತು ತಿರುಗುತ್ತಿದ್ದೇನೆ ಎಂದು ಅವರಿಗೇ ಗೊತ್ತಿರಲಿಲ್ಲ. ಒಂಬತ್ತು ಐವತ್ತು ಎಂದಿರುವ ಆ ಪುಟ ಮತ್ತೆ ಮತ್ತೆ ನೋಡಿ ನೋಡಿ ಮೂಲೆ ಮಡಿಚಿಕೊಂಡಿತ್ತು. ಸುದರ್ಶನ್ ಒಳಗೆ ಎಲ್ಲೋ ತರಕಾರಿಯ ಕಡೆ ಹೋದಾಗ ‘ನಮಸ್ಕಾರ! ನೀವು ತಾರಾ ಫಾದರ್ ಅಲ್ವಾ?’ ಎಂದು ಕನ್ನಡ ಕೇಳಿಸಿತು. ಶೈಲಜಾ ಎಂಬ ಹೆಂಗಸು, ಇಲ್ಲಿಯ ಕನ್ನಡ ಬಳಗದವರು. ಮೊನ್ನೆ ದೇವಸ್ಥಾನದಲ್ಲಿ ದೂರದಿಂದ ಕಂಡದ್ದು. ‘ನಾನು ಎರಡು ತಿಂಗಳು ಊರಿಗೆ ಹೋಗಿದ್ದೆ, ವಾಪಸ್ ಬಂದು ನಾಲ್ಕು ದಿನ ಆಯ್ತಷ್ಟೇ. ತಾರಾಗೆ ಡೆಲಿವರಿ ಆಯ್ತಾ?’ ‘ಆಯ್ತು’ ಎಂದರು. ‘ಏನ್ ಮಗು?’ ‘ಹೆಣ್ಣು.’ ‘ಅಯ್ಯೋ, ಲಕ್ಷ್ಮಿ ಬಂದ್ಲು ಅನ್ನಿ! ಯಾವ ನಕ್ಷತ್ರ?’ ನಮ್ಮವರು ಹೆಸರಿಗಿಂತ ಮೊದಲು ಕೇಳುವುದು ಅದನ್ನೇ. ‘ಉತ್ತರಾಷಾಢ’ ಎಂದರು. ಕೇಳಿದ ಮೂರಕ್ಕೂ ಅವರು ನಿಜವನ್ನೇ ಹೇಳಿದ್ದರು, ಮೂರೂ ಸೇರಿ ಒಂದು ದೊಡ್ಡ ಸುಳ್ಳಾಗಿತ್ತು. ಆ ಹೆಂಗಸಿನ ಮುಖ ಅರಳಿದ್ದು ನೋಡಿ ಅವರ ಒಳಗೂ ಏನೋ ಒಂದು ಕ್ಷಣ ಅರಳಿತು. ಎಲ್ಲೋ ಒಂದು ಕೋಣೆಯಲ್ಲಿ ಹೆಣ್ಣುಮಗುವೊಂದು ಬಟ್ಟೆಯಲ್ಲಿ ಸುತ್ತಿಕೊಂಡು ಮಲಗಿದೆ, ತಾವು ಅದರ ಅಜ್ಜ, ಹಾಲು ಬ್ರೆಡ್ಡು ಕೊಳ್ಳಲು ಬಂದಿದ್ದಾರೆ. ‘ನಾಳೆ ಸಂಡೇ, ನೋಡಕ್ಕೆ ಬರ್ತೀನಿ. ಏನ್ ತರ್ಲಿ ಮಗೂಗೆ?’ ‘ಆಂಟಿ’ ಎಂದ ಸುದರ್ಶನ್, ಅವರ ಬೆನ್ನ ಹಿಂದೆ. ಯಾವಾಗ ಬಂದು ನಿಂತಿದ್ದನೋ. ‘ಮಗು ಉಳೀಲಿಲ್ಲ ಆಂಟಿ. ಹೊಟ್ಟೆಯಲ್ಲೇ ಹೋಗಿತ್ತು.’ ಶೈಲಜಾ ಕೈಯನ್ನು ಬಾಯಿಗೆ ತಂದುಕೊಂಡರು. ಆಮೇಲೆ ನಿಧಾನವಾಗಿ ಕೃಷ್ಣಪ್ರಸಾದರ ಕಡೆ ತಿರುಗಿದರು. ಆ ನೋಟವನ್ನು ಅವರು ಸಾಯುವವರೆಗೂ ಮರೆಯುವ ಹಾಗಿಲ್ಲ. ಬೈದಿದ್ದರೆ ಎಷ್ಟೋ ಮೇಲಾಗಿತ್ತು, ಅದರಲ್ಲಿ ಇದ್ದದ್ದು ಹೆದರಿಕೆ. ದುಃಖದಲ್ಲಿ ತಲೆ ಕೆಟ್ಟಿದೆ ಪಾಪ ಎಂದುಕೊಂಡಿರಬೇಕು. ತಲೆ ಸರಿಯಾಗಿಯೇ ಇತ್ತು. ಕಾರಿನಲ್ಲಿ ಸುದರ್ಶನ್ ಹಾಲಿನ ಪೊಟ್ಟಣಗಳನ್ನು ಹಿಂದಿನ ಸೀಟಿಗೆ ಇಟ್ಟು, ‘ಪರವಾಗಿಲ್ಲ ಮಾವ’ ಎಂದಷ್ಟೇ ಅಂದ.

ಫ್ಯಾಕ್ಟರಿಯಿಂದ ಫೋನು ಬಂದು ಸುದರ್ಶನ್ ಅವರನ್ನು ಗೇಟಿನಲ್ಲೇ ಇಳಿಸಿ ಹೋದ. ಮೇಲೆ ಫಿಲೋಮಿನಾ ಹೊರಡಲು ಸಿದ್ಧಳಾಗಿ, ತಲೆಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ‘ಬಾಬಾ ತಾರಾ, ಇವತ್ತು ಮಗಳು ಎರಡು ಚಪಾತಿ ತಿಂದಳು’ ಎಂದು ಇಂಗ್ಲಿಷಿನಲ್ಲಿ ಪಿಸುಗುಟ್ಟಿ, ‘ಪೋಲೆ’ ಎಂದು ಅವರ ಕೈ ಮುಟ್ಟಿದಳು. ಬಾಬಾ ತಾರಾ ಎಂದರೆ ತಾರಾಳ ಅಪ್ಪ, ಪೋಲೆ ಎಂದರೆ ಅಯ್ಯೋ ಪಾಪ ಎನ್ನುವುದಕ್ಕೆ ಇವರು ಆಡುವ ಮಾತು. ದಿನವೂ ಹೊರಡುವಾಗ ಒಮ್ಮೆ ಹೇಳಿಯೇ ಹೋಗುತ್ತಾಳೆ. ತಾರಾ ಹಜಾರದ ಸೋಫಾದಲ್ಲಿ ಶಾಲು ಹೊದ್ದು ಕಾಲು ಮಡಿಸಿ ಕೂತಿದ್ದಳು. ಎಂಟು ದಿನದಲ್ಲಿ ಕೋಣೆಯಿಂದ ತಾನಾಗಿ ಹೊರಗೆ ಬಂದು ಕೂತದ್ದು ಇದೇ ಮೊದಲು. ‘ಜಿರಾಫೆ ನೋಡಿದ್ಯಾಪ್ಪ?’ ‘ನೋಡ್ದೆ ಕಣಮ್ಮ.’ ‘ಕೈ ನೆಕ್ತಾ?’ ‘ನೆಕ್ತು.’ ಅವಳು ನಗುವುದಕ್ಕೆ ಪ್ರಯತ್ನಪಟ್ಟಳು. ಮೂವತ್ತೊಂದು ವರ್ಷದ ಹೆಂಗಸು, ಅಪ್ಪರ್ ಹಿಲ್‌ನ ದೊಡ್ಡ ಆಫೀಸೊಂದರಲ್ಲಿ ಹತ್ತು ಜನರ ಕೈಯಲ್ಲಿ ಕೆಲಸ ಮಾಡಿಸುವವಳು, ಮೂಗಿನ ತುದಿ ಚಳಿಗೆ ಕೆಂಪಾಗಿ ಹೈಸ್ಕೂಲು ಹುಡುಗಿಯ ಹಾಗೆ ಕಾಣುತ್ತಿದ್ದಳು. ಕೃಷ್ಣಪ್ರಸಾದರು ಎದುರಿನ ಕುರ್ಚಿಯಲ್ಲಿ ಕೂತರು. ಮನೆಯಲ್ಲಿ ಬೇರೆ ಯಾರೂ ಇಲ್ಲ. ಇನ್ನು ನೆಪವಿಲ್ಲ. ಅಳಿಯ ಬೇಡವೆಂದ ಮಾತು ನಿಜ. ಆದರೆ ಹುಟ್ಟಿಸಿದ ಮಗಳಿಗೆ ಮುಖ ತೋರಿಸಲಾರದೆ ಬದುಕುವುದು ಹೇಗೆ? ‘ತಾರಾ, ನಿಂಗೊಂದು ವಿಷಯ ಹೇಳ್ಬೇಕು’ ಎಂದರು.

‘ನಂಗೂ ಒಂದು ಹೇಳ್ಬೇಕು ಅಪ್ಪ. ಮೊದ್ಲು ನಾನು ಹೇಳ್ಬಿಡ್ತೀನಿ, ಆಮೇಲೆ ಧೈರ್ಯ ಬರಲ್ಲ’ ಎಂದಳು ತಾರಾ. ಶಾಲಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿದಳು. ‘ಸುದರ್ಶನ್‌ಗೂ ಹೇಳಿಲ್ಲ. ಶುಕ್ರವಾರ ಮನೇಲೇ ಇರು ಅಂದಿದ್ರು ಅವರು. ನಾನು ಕೇಳ್ಲಿಲ್ಲ, ಆಫೀಸಿಗೆ ಹೋದೆ. ಮೂರು ತಿಂಗಳು ರಜ ಅಲ್ವಾ, ಫೈಲೆಲ್ಲ ಕೊಟ್ಟು ಬರೋಣ ಅಂತ. ಬರೋವಾಗ ಟ್ಯಾಕ್ಸಿ ಸಿಗ್ಲಿಲ್ಲ. ಜನ ತುಂಬ್ಕೊಂಡು ಓಡುತ್ತಲ್ಲ, ಆ ಮಟಾಟು ವ್ಯಾನ್ ಹತ್ತಿದೆ ಅಪ್ಪ. ಹಿಂದಿನ ಸೀಟು. ಅವನು ಹಂಪ್ ಮೇಲೆ ಹಂಗೇ ಹಾರಿಸ್ದ. ಇಷ್ಟೆತ್ತರ ಎದ್ದು ಬಿದ್ದೆ. ಎಲ್ಲರೂ ಬೈದ್ರು ಅವನಿಗೆ. ನಾನು ಹೊಟ್ಟೆ ಹಿಡ್ಕೊಂಡು ಕೂತೆ. ಮನೆಗೆ ಬಂದು ಎಣಿಸ್ದೆ, ಎಣಿಸ್ತಾನೇ ಇದ್ದೆ, ಅದು ಅಲುಗಾಡ್ಲೇ ಇಲ್ಲ.’ ಅವಳು ಅಳುತ್ತಿರಲಿಲ್ಲ, ಸಾಕ್ಷಿ ಹೇಳುವವಳ ಹಾಗೆ ಒಂದೇ ದನಿಯಲ್ಲಿ ಹೇಳಿದಳು. ‘ಡಾಕ್ಟರು ನಿನ್ನಿಂದ ಅಲ್ಲ ಅಂತಾರೆ. ಮಟಾಟು ವಿಷಯ ಅವರಿಗೆ ಗೊತ್ತಿಲ್ವಲ್ಲ. ನಾನೇ ಅಲ್ವಾ ಅಪ್ಪ ಕೊಂದಿದ್ದು? ನೀನು ಸುಳ್ಳು ಹೇಳ್ಬೇಡ.’

ಒಂದು ಮಾತು ಸಾಕಿತ್ತು. ಶುಕ್ರವಾರ ನೀನು ಎಲ್ಲಿಗೆ ಹೋದರೇನು, ಗುರುವಾರ ಬೆಳಗ್ಗೆಯೇ ಆ ಮಗು ನಿನ್ನ ಮಡಿಲಲ್ಲಿರಬೇಕಿತ್ತು ತಾಯಿ, ತಪ್ಪಿಸಿದವನು ನಿನ್ನೆದುರು ಕೂತಿದ್ದಾನೆ. ಆ ಮಾತು ಗಂಟಲಿನವರೆಗೂ ಬಂದಿತ್ತು. ಆದರೆ ಅವಳ ಮಾತು ಮುಗಿಯುವ ಮೊದಲೇ, ಹಂಪ್ ಎಂದಾಗಲೇ, ಎದ್ದು ಬಿದ್ದೆ ಎಂದಾಗಲೇ, ಕೃಷ್ಣಪ್ರಸಾದರ ಮೈಯೊಳಗೆ ಏನೋ ಸಡಿಲವಾಗತೊಡಗಿತ್ತು. ದಿನವೆಲ್ಲ ನಿಂತೇ ಇದ್ದವನಿಗೆ ಯಾರೋ ಕುರ್ಚಿ ಎಳೆದು ಕೂರಿಸಿದ ಹಾಗೆ. ಹಾಗಾದರೆ ನಾನಲ್ಲ. ಹಾಗಾದರೆ ಎರಡೂವರೆ ಗಂಟೆಯೂ ಅಲ್ಲ, ಮೂಲಾವೂ ಅಲ್ಲ, ಯಾವನೋ ಡ್ರೈವರು, ರಸ್ತೆಯ ಒಂದು ಉಬ್ಬು. ಇದು ನಿಜವಲ್ಲವೆಂದು ಅವರಿಗೆ ಗೊತ್ತಿತ್ತು, ಗೊತ್ತಿದ್ದೂ ಅದರ ಮೇಲೆ ಪೂರ್ತಿ ಭಾರ ಬಿಟ್ಟು ಕೂತರು. ಇಪ್ಪತ್ತು ದಿನದಿಂದ ಇಷ್ಟು ಸುಖವಾಗಿ ಉಸಿರಾಡಿರಲಿಲ್ಲ. ಥೂ ಎಂದು ತಮ್ಮನ್ನು ತಾವೇ ಉಗಿದುಕೊಳ್ಳುತ್ತಿರುವಾಗಲೇ ತಮ್ಮ ಬಾಯಿ ಮಾತಾಡುವುದು ಅವರಿಗೆ ಕೇಳಿಸಿತು.

‘ಹೋಗಬಾರದಿತ್ತು ಕಣಮ್ಮ.’

ತಾರಾ ತಲೆಯಾಡಿಸಿದಳು. ಸ್ವಲ್ಪ ಹೊತ್ತು ಹಾಗೇ ಆಡಿಸುತ್ತಿದ್ದಳು. ಆಮೇಲೆ ಸೋಫಾದಿಂದ ಇಳಿದು ಬಂದು ನೆಲದ ಮೇಲೆ ಕೂತು ಅವರ ತೊಡೆಯ ಮೇಲೆ ಹಣೆಯಿಟ್ಟಳು. ಮಗು ಹೋದ ಮೇಲೆ ಒಂದು ಹನಿ ಕಣ್ಣೀರು ಹಾಕಿಲ್ಲ, ಅದಕ್ಕೇ ಭಯ ಎಂದು ಸುದರ್ಶನ್ ಹೇಳಿದ್ದ. ಈಗ ಅವಳ ಬೆನ್ನು ಪೂರ್ತಿ ನಡುಗುವ ಹಾಗೆ ಅಳು ಬಂತು. ‘ಎಲ್ಲಾರೂ ನಿಂದೇನೂ ತಪ್ಪಿಲ್ಲ, ನಿಂದೇನೂ ತಪ್ಪಿಲ್ಲ ಅಂತ...’ ಬಿಕ್ಕಳಿಸುತ್ತಾ ಮಾತು ಕೂಡಿಸಿಕೊಂಡಳು. ‘ನೀನೊಬ್ಬನಾದ್ರೂ ನಿಜ ಹೇಳಿದೆಯಲ್ಲಪ್ಪ.’

ಕೃಷ್ಣಪ್ರಸಾದರು ಮಗಳ ತಲೆ ನೇವರಿಸಿದರು. ಅತ್ತು ಮುಗಿದ ಮೇಲೆ ಅವಳು ಮುಖ ಒರೆಸಿಕೊಂಡು, ‘ನೀನೇನೋ ಹೇಳ್ಬೇಕು ಅಂದ್ಯಲ್ಲ?’ ಎಂದು ಕೇಳಿದಳು. ಏನಿಲ್ಲ ಎಂದರು ಅವರು. ಮಟಾಟು ವಿಷಯ ಸುದರ್ಶನ್‌ಗೆ ಮಾತ್ರ ಹೇಳಬೇಡ, ನಮ್ಮಿಬ್ಬರಲ್ಲೇ ಇರಲಿ ಎಂದೂ ಹೇಳಿದರು.